ಹುಳ ತಿಂದ ಹಿಪ್ಪೆಯೆಲೆ

“ಗುರುಗಳೇ, ಉದುರಿದ ಎಲೆಯನ್ನು ಇದ್ದ ಹಾಗೇ ಬರೆಯಬೇಕು ಎನ್ನುತ್ತೀರಿ. ಹುಳ ತಿಂದ ಜಾಗವನ್ನು ತುಂಬಿ ಬರೆದರೆ ತಪ್ಪೇನು?” ಎಂದು ಚಿತ್ರ ಬರೆಯಲು ಕಲಿಯುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ನಕ್ಕರು. ತಮ್ಮ ಕತೆಗಳಲ್ಲಿ ಸುಳ್ಳು ಉಪ್ಪಿನಷ್ಟೇ ಇರುತ್ತದೆ, ಸಪ್ಪೆ ಉಣ್ಣುವವರು ಈಗಲೇ ಎದ್ದು ಹೋಗಬಹುದು ಎಂದು ಹೇಳಿ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಅವನು ಗೋಡೆಯ ಮೇಲೆ ಬರೆದ ಬಳ್ಳಿಯನ್ನು ಮೇಕೆಗಳು ನೆಕ್ಕಿ ನೆಕ್ಕಿ ಗೋಡೆಯೇ ಸವೆದು, ಪಕ್ಕದ ಮನೆಯ ಅಡಿಗೆ ಕಾಣುತ್ತಿತ್ತಂತೆ. ಅದೇ ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಹಿತ್ತಿಲಲ್ಲಿ ಹಿಪ್ಪೆಮರಗಳಿದ್ದವು. ಆ ಮರಗಳ ಬೀಜದಿಂದ ಗಾಣ ತಿರುಗುತ್ತಿತ್ತು, ಗಾಣದಿಂದ ಮನೆಯ ಒಲೆ ಉರಿಯುತ್ತಿತ್ತು.

ಒಂದು ವರ್ಷ ಎಲೆಗಳು ಕಾಲಕ್ಕೆ ಮೊದಲೇ ಉದುರಿದವು. ಗಾಣಿಗ ಹೆದರಿದ. ಬೆಟ್ಟದಾಚೆ ಮರಗಳಿಗೆ ಮದ್ದು ಹೇಳುವ ವೈದ್ಯನಿದ್ದ. ಎಲೆಯಲ್ಲಿ ಹುಳ ಕಚ್ಚಿದ ಗುರುತು ನೋಡಿದರೆ ಸಾಕು, ಇಂಥ ಹುಳ, ಇಂಥ ಮದ್ದು ಎನ್ನುತ್ತಿದ್ದ. ಆದರೆ ಅವನಿಗೆ ನಡೆಯಲಾಗದಷ್ಟು ವಯಸ್ಸಾಗಿತ್ತು. ಗಾಣಿಗ ಕಳಿಸಿದ ಒಣ ಎಲೆಗಳು ದಾರಿಯಲ್ಲೇ ಪುಡಿಯಾದವು. ಹಾಗಾದರೆ ಎಲೆಯ ಚಿತ್ರ ಬರೆಸಿ ಕಳಿಸು ಎಂದು ವೈದ್ಯ ಹೇಳಿಕಳಿಸಿದ.

ಚಿತ್ರಗಾರ ಸಂತೋಷದಿಂದ ಒಪ್ಪಿದ. ದೇವರ ಚಿತ್ರ ಬರೆಯುವ ಮನೆತನ ಅವನದು. ಮುಕ್ಕಾಗಿ ಭಿನ್ನವಾದ ರೂಪವನ್ನು ಕುಂಚಕ್ಕೆ ತರಬಾರದು ಎಂಬುದು ಆ ಮನೆತನದ ಪದ್ಧತಿ. ಎಲೆಯ ತೂತುಗಳನ್ನು ಮುಚ್ಚಿದ, ಹರಿದ ಅಂಚನ್ನು ಕೂಡಿಸಿದ, ನರ ನರವನ್ನೂ ತಿದ್ದಿದ. ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ, ಬೆಟ್ಟದಾಚೆ ಹೋಗುವವರ ಕೈಯಲ್ಲಿ ತಾನೇ ಕಳಿಸಿದ.

ಎಲೆಗೆ ರೋಗವಿಲ್ಲ, ಹಣ್ಣಾಗಿ ಉದುರಿದೆ, ಚಿಗುರುವವರೆಗೆ ಕಾಯಲಿ ಎಂದು ವೈದ್ಯನಿಂದ ಉತ್ತರ ಬಂತು. ಗಾಣಿಗ ಕಾದ. ಊರಿನ ಮರಗಳೆಲ್ಲ ಚಿಗುರಿದವು. ಅವನ ಮರಗಳು ಚಿಗುರಲಿಲ್ಲ. ಮುಟ್ಟಿದರೆ ತೊಗಟೆ ಕಳಚಿ ಬೀಳುತ್ತಿತ್ತು.

ಅವನು ಚಿತ್ರಗಾರನ ಬಾಗಿಲಿಗೆ ಬಂದು ಕೇಳಿದ: “ಅಣ್ಣಾ, ಆ ಎಲೆಯ ತೂತು ನಿನ್ನ ಕಣ್ಣಿಗೆ ಬೀಳಲೇ ಇಲ್ಲವೇ?”

“ಬೀಳದೆ ಏನಪ್ಪ? ಒಂದನ್ನೂ ಬಿಡದೆ ಹುಡುಕಿ ಹುಡುಕಿ ಮುಚ್ಚಿದ್ದೇನೆ” ಎಂದ ಚಿತ್ರಗಾರ.

ಗಾಣಿಗ ಮನೆಗೆ ಹೋದ. ಗಾಣಕ್ಕೆ ಕಟ್ಟಿದ್ದ ಎತ್ತನ್ನು ಬಿಚ್ಚಿದ.

ಕತೆ ಮುಗಿದರೂ ಶಿಷ್ಯ ಬಿಡಲಿಲ್ಲ. ಪಾಪ, ಚಿತ್ರಗಾರ ಒಳ್ಳೆಯ ಮನಸ್ಸಿನಿಂದಲೇ ಬರೆದನಲ್ಲವೇ ಎಂದ.

ಗುರುಗಳು ತಲೆಯಾಡಿಸಿ ಹೇಳಿದರು: “ಹೌದಪ್ಪ, ಆ ಹುಳಗಳಿಗೆ ಅವನಷ್ಟು ಉಪಕಾರ ಮಾಡಿದವರು ಬೇರೆ ಯಾರೂ ಇರಲಿಲ್ಲ.”