ಸೊಸೆಗೆ ಅಲುಗದ ಕಲ್ಲು

"ಗುರಿಕಾರರೇ, ಬೇಡಿಕೊಂಡದ್ದನ್ನು ಕೊಡದ ದೇವರಿಗೆ ನಾನು ಯಾವ ಬಾಯಿಂದ ಸ್ತೋತ್ರ ಹೇಳಲಿ?" ಎಂದು ಇನಾಸ ಕೇಳಿದ.

ಇನಾಸ ಮೀನುಗಾರ. ದೋಣಿಗೂ ದಕ್ಕೆಯ ಕಲ್ಲುಕಟ್ಟೆಗೂ ನಡುವೆ ಸಿಕ್ಕಿ ಅವನ ಕಾಲು ಜಜ್ಜಿಹೋಗಿತ್ತು. ಮಳೆಗಾಲ ಹೋಗಿ ಬೇಸಿಗೆ ಬಂದರೂ ಅವನು ಚಾಪೆ ಬಿಟ್ಟು ಎದ್ದಿರಲಿಲ್ಲ. ಇನ್ನು ಮುಂದೆ ತನ್ನ ಮನೆಗೆ ಪ್ರಾರ್ಥನೆಗೆಂದು ಯಾರೂ ಬರುವುದು ಬೇಡ ಎಂದು ಹೇಳಿಕಳಿಸಿದ್ದ. ಅದನ್ನು ಕೇಳಿಯೇ ಕೇರಿಯ ಕ್ರೈಸ್ತರ ಹಿರಿಯ, ಗುರಿಕಾರ ಸಾಲು ಎಂಬ ಅಜ್ಜ ಬಂದಿದ್ದ. ಅಜ್ಜನಿಗೆ ಅಕ್ಷರ ಬಾರದು. ಇನಾಸನಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವನು ಮಾತ್ರ ಅವನೇ.

"ಒಂದು ಕತೆ ಹೇಳಲೇ?" ಎಂದ ಅಜ್ಜ.

"ಕತೆಯೋ, ಬುರುಡೆಯೋ?"

"ಬುರುಡೆಯೇ? ಮರಳಲ್ಲಿ ಹೂತ ಹಡಗನ್ನು ಎಡಗೈಯಲ್ಲಿ ಎಳೆದು ನೀರಿಗೆ ಬಿಟ್ಟವನು ನಾನು. ಕಂಡವರೆಲ್ಲ ಇಗರ್ಜಿಯ ಹಿಂದೆ ಮಣ್ಣಲ್ಲಿ ಮಲಗಿದ್ದಾರೆ, ಹೋಗಿ ಕೇಳು."

ಇನಾಸ ನಗಲಿಲ್ಲ. ಅಜ್ಜ ಕತೆ ಹಿಡಿದ.

ಹೊಳೆ ಕಡಲು ಸೇರುವಲ್ಲಿ ಹಗ್ಗ ಹೊಸೆಯುವ ಒಬ್ಬ ಮುದುಕಿ ಇದ್ದಳು. ಅವಳ ಮಗ ದೋಣಿಯವನು. ಅವನಿಗೆ ಘಟ್ಟದ ಮೇಲಿನಿಂದ ಹೆಣ್ಣು ತಂದರು. ಸೊಸೆ ಒಳ್ಳೆಯವಳು. ಆದರೆ ಹಗ್ಗ ಹೇಗೆ ಹುಟ್ಟುತ್ತದೆ ಎಂದು ಅರಿಯಳು. ಹೊಳೆಯ ಕೆಸರಿನ ಗುಂಡಿಗಳಲ್ಲಿ ತೆಂಗಿನ ಸಿಪ್ಪೆ ಹೂಳಿ, ತೇಲಿಹೋಗದಂತೆ ಮೇಲೆ ಕಲ್ಲು ಹೇರಿದ್ದರು. ಸಿಪ್ಪೆ ಕೊಳೆತರೇ ನಾರು.

ಒಮ್ಮೆ ಗಂಡ ಕಡಲಿಗೆ ಹೋಗಿದ್ದ. ಅತ್ತೆ ತವರಿಗೆ ಹೋಗಿದ್ದಳು. ಸೊಸೆ ಹೊಳೆಗೆ ಇಳಿದರೆ ಗುಂಡಿಗಳಿಂದ ಕೊಳೆತ ನಾತ. 'ಅಯ್ಯೋ, ಅತ್ತೆಯ ಸಿಪ್ಪೆಯೆಲ್ಲ ಹಾಳಾಯಿತು, ಗಾಳಿ ಬಿಸಿಲಾದರೂ ಕಾಣಲಿ' ಎಂದು ಕಲ್ಲು ತೆಗೆಯತೊಡಗಿದಳು. ಒಂದು ಗುಂಡಿಯ ಕಲ್ಲು ಮಾತ್ರ ಅಲುಗಲಿಲ್ಲ. ಎಮ್ಮೆಯಷ್ಟು ದೊಡ್ಡದು. ಬೇಡ, ಆನೆಯಷ್ಟು ಎಂದೇ ಇಟ್ಟುಕೋ. ಹೆಗಲು ಕೊಟ್ಟಳು, ಬೈದಳು, ಅತ್ತಳು. 'ಸ್ವಾಮಿ, ಇದೊಂದನ್ನು ಸರಿಸಿಕೊಡು' ಎಂದು ಮೊಣಕಾಲೂರಿ ಬೇಡಿದಳು. ದೇವರು ಕೇಳಲಿಲ್ಲ.

ಇಳಿತದ ನೀರು ಉಳಿದ ಗುಂಡಿಗಳ ಸಿಪ್ಪೆಯನ್ನೆಲ್ಲ ಕಡಲಿಗೆ ಒಯ್ದಿತು. ಅತ್ತೆ ಬಂದು ನೋಡಿ, 'ಹುಚ್ಚು ಹುಡುಗಿ, ನಾತ ಬಂದರೆ ಹದ ಬರುತ್ತಿದೆ ಎಂದಲ್ಲವೇ?' ಎಂದಳು. ಹದ ಬಂದ ದಿನ ಆ ಕಲ್ಲೂ ಉರುಳಿತು. ಒಳಗಿನ ಸಿಪ್ಪೆ ಬಡಿದರೆ ಚಿನ್ನದಂಥ ನಾರು. ಇಬ್ಬರೂ ಸೇರಿ ಇರುವಷ್ಟರಲ್ಲೇ ಒಂದು ಹಗ್ಗ ಹೊಸೆದರು. ಕಡಲಿಂದ ಬಂದ ಗಂಡ ಅದನ್ನೇ ಲಂಗರಿಗೆ ಕಟ್ಟಿಕೊಂಡು ಮತ್ತೆ ಹೊರಟ.

ಗಾಳಿ ಎದ್ದಿತು. ಎಷ್ಟೋ ದೋಣಿಗಳು ಬಂಡೆಗೆ ಬಡಿದು ಚೂರಾದವು. ಆ ಹಗ್ಗದ ಬಲದಲ್ಲಿ ಅವನ ದೋಣಿ ಮಾತ್ರ ನಿಂತಿತು. ಮನೆಗೆ ಬಂದವನು ಏನೂ ಆಗದವನಂತೆ ಗಂಜಿ ಕೇಳಿದ. ಸೊಸೆ ಗಂಜಿ ಬಡಿಸಿದವಳೇ ಹೊಳೆಗೆ ಓಡಿ ಆ ಕಲ್ಲಿನ ಮುಂದೆ ಮೊಣಕಾಲೂರಿದಳು. 'ಸ್ವಾಮಿ, ಅಂದು ನನ್ನ ಮಾತು ಕೇಳದೆ ಇದ್ದೆಯಲ್ಲ, ಅದಕ್ಕೆ ಸ್ತೋತ್ರ' ಎಂದಳು.

ಅಜ್ಜ ನಿಲ್ಲಿಸಿದ. ಇನಾಸ ತನ್ನ ಕಾಲನ್ನೇ ನೋಡುತ್ತಿದ್ದ. ಆಮೇಲೆ ಕಣ್ಣೊರೆಸಿಕೊಂಡ.

"ಪ್ರಾರ್ಥನೆಗೆ ಬರುವವರು ಬರಲಿ, ಗುರಿಕಾರರೇ. ಆದರೆ ನೀವು ಸಿಕ್ಕಿಬಿದ್ದಿರಿ. ಸೊಸೆಯ ಕೈಲಿ ಆಗಲಿಲ್ಲ, ಅತ್ತೆ ಮುದುಕಿ, ಗಂಡ ಕಡಲಲ್ಲಿ. ಹಾಗಾದರೆ ಆನೆಯಂಥ ಆ ಕಲ್ಲನ್ನು ಉರುಳಿಸಿದವರು ಯಾರು?"

ಅಜ್ಜ ಹೆಗಲ ವಸ್ತ್ರ ಕೊಡವಿಕೊಂಡು ಎದ್ದ.

"ಯೇಸುವಿನ ಸಮಾಧಿಗೆ ಹೊರಟ ಹೆಂಗಸರೂ ಅದರ ಬಾಯಿಗೆ ಮುಚ್ಚಿದ ಕಲ್ಲನ್ನು ಉರುಳಿಸುವವರು ಯಾರು ಎಂದು ಕೇಳುತ್ತಲೇ ನಡೆದರು, ಮಗಾ, ಹೋಗಿ ನೋಡುವಾಗ ಕಲ್ಲು ಉರುಳಿಯಾಗಿತ್ತು."