ಭಾಗವ್ವನ ಸಾಲು

ಮಲಪ್ರಭೆಯ ದಂಡೆಯಲ್ಲಿ ಒಂದು ಚಿಕ್ಕ ಮಠ. ಅಲ್ಲಿನ ಗುರು ಮರುಳಯ್ಯ, ಎಲ್ಲರ ಬಾಯಲ್ಲೂ ಅಜ್ಜಾರು. ಶಿಷ್ಯ ಚನ್ನವೀರ ಮಠದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ.

ಆ ಕಂಪ್ಯೂಟರಿನಲ್ಲಿ ಇದ್ದ ಆಸ್ತಿ ಒಂದೇ, ಭಾಗವ್ವ ಹಾಡುತ್ತಿದ್ದ ಪದಗಳು.

ಅಜ್ಜಾರೂ ಭಾಗವ್ವನೂ ಒಬ್ಬನೇ ಗುರುವಿನ ಹತ್ತಿರ ಕಲಿತವರು. ಬೆಳಗಾದರೆ ಹೊಳೆಯ ಮೆಟ್ಟಿಲ ಮೇಲೆ ಎದುರುಬದುರು ಕೂತು ಹಾಡುತ್ತಿದ್ದರು. ಅಜ್ಜಾರು ಒಂದು ಸಾಲಿನಲ್ಲಿ ಕೇಳಬೇಕು, ಭಾಗವ್ವ ಮುಂದಿನ ಸಾಲಿನಲ್ಲಿ ಉತ್ತರ ಕೊಡಬೇಕು. ಈ ಪದಗಳನ್ನು ಬರೆದಿಡಬಾರದು ಎಂಬುದು ಅಲ್ಲಿಯ ಪದ್ಧತಿ. ಬೇರೆ ಯಾರಿಗೂ ಅವು ಬರುತ್ತಿರಲಿಲ್ಲ.

ಚನ್ನವೀರ ಕಾಡಿ ಬೇಡಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡ. ಮರುವರ್ಷ ಭಾಗವ್ವ ತೀರಿಕೊಂಡಳು.

ಶಿಷ್ಯನಿಗೆ ಅವಸರದ ರೋಗ. ಕಂಪ್ಯೂಟರಿನಲ್ಲಿ ಹಾಡು ಶುರುವಾಗಲು ತುಸು ತಡವಾದರೂ ಚಡಪಡಿಸುತ್ತಿದ್ದ. ಕೊನೆಗೆ ಹೊಸ ಹಾರ್ಡ್ ಡಿಸ್ಕ್ ಒಂದನ್ನು ತಂದ. ಹಾಡುಗಳನ್ನು ಗೆಳೆಯನ ಡಿಸ್ಕಿಗೆ ಎತ್ತಿಟ್ಟು, ಹಳೆಯದನ್ನೂ ಹೊಸದನ್ನೂ ಜೋಡಿ ಮಾಡಿ, ಮರಳಿ ತುಂಬಿಸಿದ. ಗೆಳೆಯನದನ್ನು ಅಳಿಸಿ, ಒರೆಸಿ, ಮರ್ಯಾದೆಯಿಂದ ಹಿಂತಿರುಗಿಸಿದ.

"ನೋಡ್ರಿ ಅಜ್ಜಾರ! ಒಂದೊಂದು ಹಾಡನ್ನೂ ಚೂರು ಚೂರು ಮಾಡ್ತೈತಿ. ಒಂದು ಚೂರು ಇದಕ್ಕ, ಮುಂದಿನ ಚೂರು ಅದಕ್ಕ. ಎರಡೂ ಕೂಡೇ ದುಡಿತಾವ. ಎತ್ತಿನ ಜೋಡಿ ಇದ್ದಂಗ!"

"ಒಂದು ಎತ್ತು ಮಲಗಿದ್ರ?"

"ಹಂಗೆಲ್ಲಾ ಆಗೂದಿಲ್ರಿ."



ಮಳೆಗಾಲ ಮುಗಿಯುವಷ್ಟರಲ್ಲಿ ಹಳೆಯ ಡಿಸ್ಕ್ ಕೆಟ್ಟಿತು. ರಿಪೇರಿಯವರು ಬಿಚ್ಚಿ ನೋಡಿ ಕೈಚೆಲ್ಲಿದರು. ಚನ್ನವೀರ ಊಟ ಬಿಟ್ಟ. ಕೆಟ್ಟ ಮೇಲೆ ಬುದ್ಧಿ ಬರುವುದು ಹೊಸದೇನಲ್ಲ, ಬಂದ ಬುದ್ಧಿಯನ್ನು ಇಟ್ಟುಕೊಂಡು ಮಾಡುವುದೇನು?

ಅಜ್ಜಾರ ಕಾಲ ಬಳಿ ಕೂತು ಅತ್ತ.

"ಹೊಸಾದು ಗಟ್ಟಿ ಐತ್ರಿ ಅಜ್ಜಾರ. ಅದಕ್ಕ ಏನೂ ಆಗಿಲ್ಲ. ಆದ್ರ ಅದರಾಗ ಇರೋದೆಲ್ಲಾ ಅರ್ಧರ್ಧ. ಒಂದು ಹಾಡೂ ಎದ್ದು ಬರಂಗಿಲ್ಲ."

"ಇನ್ನೊಂದರಾಗ ಏನಿತ್ತಂತ ಇದಕ್ಕ ಗೊತ್ತಿಲ್ಲೇನು? ದಿನಾ ಪಕ್ಕದಾಗ ಇತ್ತಲ್ಲ?"

"ಪಕ್ಕದಾಗ ಇದ್ರ ಗೊತ್ತಾಗಂಗಿಲ್ರಿ. ತನ್ನ ಪಾಲಿಂದಷ್ಟ ತನಗ ಗೊತ್ತು."

ಅಜ್ಜಾರ ಮುಖ ಸಣ್ಣದಾಯಿತು. ಆಮೇಲೆ ಎದ್ದು ಕೋಲು ಹಿಡಿದರು.

"ಬಾ."

ಹೊಳೆಯ ಮೆಟ್ಟಿಲಿಗೆ ಬಂದು ತಮ್ಮ ಜಾಗದಲ್ಲಿ ಕೂತರು. ಚನ್ನವೀರನಿಗೆ ಭಾಗವ್ವನ ಜಾಗ ತೋರಿಸಿದರು. ಅವನು ಅಂಜುತ್ತಲೇ ಕೂತ. ಅಜ್ಜಾರು ಹಾಡಿದರು:

"ಹೊಳಿಯ ದಾಟಿ ಬಂದವನೆ, ಕಾಲು ಯಾಕ ಒಣಗೈತೋ?"

ಹಾಡಿ ಕಾದರು. ಚನ್ನವೀರ ತಲೆ ತಗ್ಗಿಸಿದ.

"ನನಗ ಬರಂಗಿಲ್ರಿ. ಮಷೀನಿನಾಗ ಐತಲ್ಲ ಅಂತ ಕಲೀಲಿಲ್ಲ."

ಅಜ್ಜಾರು ಅದೇ ಸಾಲನ್ನು ಮತ್ತೊಮ್ಮೆ ಹಾಡಿದರು.

"ತಪ್ಪಾತ್ರಿ ಅಜ್ಜಾರ. ಈಗರೆ ಕಲೀತೀನಿ. ಭಾಗವ್ವನ ಸಾಲು ನೀವ ಹೇಳಿಕೊಡ್ರಿ. ಇಷ್ಟು ವರ್ಷ ಎದುರಿಗೆ ಕೂತು ಕೇಳೀರಿ."

ಅಜ್ಜಾರು ಹೊಳೆಯ ಕಡೆ ನೋಡುತ್ತ ಹೇಳಿದರು:

"ಆಕಿ ಹಾಡುವಾಗೆಲ್ಲಾ ನಾ ನನ್ನ ಮುಂದಿನ ಸಾಲು ನೆನಸ್ಕೋತ ಕೂತಿರ್ತಿದ್ನೋ, ಚನ್ನವೀರ."