ಹಪ್ಪಳದ ಕಾರ್ಖಾನೆಗೆ ಬಂದ ಸಲಹೆಗಾರ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ದೊಡ್ಡ ಸಂಸ್ಥೆಗಳ ಒಡೆಯರಿಗೆ ಸಲಹೆಗಾರನಾಗಲು ಹೊರಟಿದ್ದೇನೆ. ಅಲ್ಲಿ ದುಡಿಯುವವರ ನಡೆನುಡಿ ತಿದ್ದುವುದೇ ನನ್ನ ವೃತ್ತಿ. ಅಷ್ಟೊಂದು ಜನರ ರೂಢಿಯನ್ನು ಬದಲಿಸಲು ಎಲ್ಲಿಂದ ಶುರುಮಾಡಬೇಕು?"

ಗುರು ಹೇಳಿದರು:

ಒಬ್ಬ ವರ್ತಕ ಹಪ್ಪಳದ ಕಾರ್ಖಾನೆ ಇಟ್ಟುಕೊಂಡಿದ್ದ. ಅರವತ್ತು ಜನ ದುಡಿಯುತ್ತಿದ್ದರು. ಅಂಗಡಿಗಳಿಗೆ ಹೋದ ಹಪ್ಪಳ ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ಯಾಕೆಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು. ವರ್ತಕ ಬೇಸತ್ತು ಒಬ್ಬ ಸಲಹೆಗಾರನನ್ನು ಕರೆಸಿದ. ಅದಾಗಲೇ ಹನ್ನೊಂದು ಸಂಸ್ಥೆಗಳನ್ನು ತಿದ್ದಿದವನು ಎಂದು ಅವನಿಗೆ ಹೆಸರಿತ್ತು.

ವರ್ತಕ ತಾನೇ ಹಪ್ಪಳ ಕರಿದು ಕೊಟ್ಟು, "ಹೇಗಿದೆ?" ಎಂದ.

ಉಪ್ಪಿಗೆ ಸಲಹೆಗಾರನ ಕಣ್ಣಲ್ಲಿ ನೀರು ಬಂತು. "ಇಂಥ ರುಚಿ ನಾನು ಬೇರೆಲ್ಲೂ ಕಂಡಿಲ್ಲ ಧಣಿಗಳೇ" ಎಂದು ಮೂರು ಲೋಟ ನೀರು ಕುಡಿದ. ಹೇಳಿದ್ದು ಸುಳ್ಳಂತೂ ಅಲ್ಲ ಎಂದು ಸಮಾಧಾನ ಪಟ್ಟುಕೊಂಡ.

ಮರುದಿನ ಅವನು ಗೋಡೆಯ ಮೇಲೆ ಬರೆಸಿದ: 'ಇಲ್ಲಿ ನಿಜ ಹೇಳಲು ಯಾರೂ ಅಂಜಬೇಕಾಗಿಲ್ಲ.' ಅದನ್ನು ದಿನವೂ ಬೆಳಿಗ್ಗೆ ಎಲ್ಲರೂ ನಿಂತು ಹೇಳಬೇಕೆಂದು ಗೊತ್ತುಮಾಡಿದ. ವರ್ತಕನಿಗೆ ಬಹಳ ಹಿಡಿಸಿತು. ಮೆಲ್ಲಗೆ ಹೇಳಿದವರನ್ನು ಗದರಿಸಿ ಜೋರಾಗಿ ಹೇಳಿಸಿದ.

ಏಳನೆಯ ದಿನ ಹಿಟ್ಟು ಕಲಸುವ ಹೆಂಗಸು ಆ ಮಾತನ್ನು ನಂಬಿಬಿಟ್ಟಳು. "ಧಣಿಗಳೇ, ಉಪ್ಪು ಜಾಸ್ತಿ. ವಾಪಸು ಬರುತ್ತಿರುವುದು ಅದಕ್ಕೇ" ಎಂದಳು.

ವರ್ತಕನ ಮುಖ ಕೆಂಪಾಯಿತು. "ಇದು ನನ್ನ ತಾಯಿ ಹೇಳಿಕೊಟ್ಟ ಅಳತೆ! ಸಲಹೆಗಾರರೇ, ನೀವೂ ತಿಂದಿದ್ದೀರಿ. ಉಪ್ಪು ಜಾಸ್ತಿಯೇ?"

ಅರವತ್ತು ಜನರೂ ಸಲಹೆಗಾರನತ್ತ ತಿರುಗಿದರು. ಮುಂದೆ ಹದಿಮೂರನೆಯ ಸಂಸ್ಥೆಯ ಕೆಲಸ ಸಿಗಲು ಇದೇ ವರ್ತಕನ ಶಿಫಾರಸು ಬೇಕಾಗಿದ್ದುದು ಅವನಿಗೆ ನೆನಪಾಯಿತು. ಹೆಂಗಸು ಹಿಟ್ಟಿನ ಕೈಯಲ್ಲೇ ಕಾಯುತ್ತ ನಿಂತಿದ್ದಳು.

ಕೊನೆಗೆ ಅವನು, "ಉಪ್ಪಿನ ವಿಚಾರ ಆಮೇಲೆ ನೋಡೋಣ. ಮೊದಲು ಗೋಡೆಯ ಅಕ್ಷರಗಳನ್ನು ಇನ್ನಷ್ಟು ದೊಡ್ಡದಾಗಿ ಬರೆಸೋಣ" ಎಂದ.

ಆ ಹೆಂಗಸನ್ನು ಬಿಸಿಲಿಗೆ ಹಾಕಿದ ಹಪ್ಪಳದ ಬಳಿ ಕಾಗೆ ಓಡಿಸಲು ಕೂರಿಸಿದರು. ಮರುದಿನ ಬೆಳಿಗ್ಗೆ ಉಳಿದವರೆಲ್ಲ ಗೋಡೆಯ ಮಾತನ್ನು ಎಷ್ಟು ಗಟ್ಟಿಯಾಗಿ ಕೂಗಿದರೆಂದರೆ ಕಾಗೆಗಳು ತಾವಾಗಿಯೇ ಹಾರಿಹೋದವು. ಅವಳಿಗೆ ಆ ಕೆಲಸವೂ ಇಲ್ಲವಾಯಿತು. ಉಪ್ಪಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ವರ್ಷ ತುಂಬುವುದರೊಳಗೆ ಕಾರ್ಖಾನೆಗೆ ಬೀಗ ಬಿತ್ತು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಗುರುಗಳೇ, ಅಂಥ ವರ್ತಕನನ್ನು ಕಟ್ಟಿಕೊಂಡು ಯಾವ ಸಲಹೆಗಾರ ತಾನೇ ಏನು ಮಾಡಿಯಾನು?"

ಗುರು ಹೇಳಿದರು: "ವರ್ತಕನನ್ನು ಬಿಡಪ್ಪಾ, ಆ ಹೊತ್ತಿನಲ್ಲಿ ಅರವತ್ತು ಜನ ನೋಡುತ್ತಿದ್ದದ್ದು ಸಲಹೆಗಾರನ ಮುಖವನ್ನು."

ಶಿಷ್ಯನ ನಗು ನಿಂತಿತು.